ಮೇಲಿನ ಮನೆಯವರಿಗೆ ಬುದ್ಧಿ ಹೇಳಿದ್ದು

ಅಕ್ಕ ಹೊಸ ಫ್ಲ್ಯಾಟಿಗೆ ಬಂದ ಮೇಲೆ ನನ್ನ ಸೊಂಟ ಹೋಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಈ ಕಥೆಯಲ್ಲಿ ಎಲ್ಲರ ಕಷ್ಟವೂ ಬರುತ್ತದೆ, ನನ್ನದನ್ನು ಮಾತ್ರ ಯಾರೂ ಕೇಳುವುದಿಲ್ಲ.

ನಾನು ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ಮಧ್ಯಾಹ್ನ ಕಳೆದರೆ ಬಿಡುವು. ಅಕ್ಕ ಮನೆ ಬದಲಾಯಿಸಿದ ಮಾರನೇ ದಿನವೇ ಫೋನ್ ಮಾಡಿ, "ನಿನಗೆ ಚಿತ್ರ ಬರೆಯೋ ಕಣ್ಣಿದೆ ಕಣೋ, ಯಾವ ಸಾಮಾನು ಎಲ್ಲಿಟ್ರೆ ಚೆಂದ ಅಂತ ಬಂದು ಹೇಳು" ಅಂದಳು. ಒಡಹುಟ್ಟಿದವಳೇ ನನ್ನನ್ನು ಕಲಾವಿದ ಎಂದು ಒಪ್ಪಿಕೊಂಡಳಲ್ಲ ಅಂತ ಉಬ್ಬಿಕೊಂಡು ಹೋದೆ. ಹೋದ ಮೇಲೆ ತಿಳಿಯಿತು, ಅವಳಿಗೆ ಬೇಕಾಗಿದ್ದುದು ನನ್ನ ಕಣ್ಣಲ್ಲ, ಬೀರುವಿನ ಇನ್ನೊಂದು ತುದಿ ಹಿಡಿಯುವ ಕೈ.

ಆ ಬೀರು ಕಬ್ಬಿಣದ್ದು. ಸೋಮವಾರ ಅದು ಕಿಟಕಿಯ ಪಕ್ಕ ಇತ್ತು. ಮಂಗಳವಾರ ಬಾಗಿಲ ಹಿಂದೆ ಹೋಯಿತು. ಬುಧವಾರ ಮಲಗುವ ಕೋಣೆಯಿಂದ ಹೊರಗೆ ಬಂದು ಹಾಲಿನಲ್ಲಿ ನೆಂಟರ ಹಾಗೆ ನಿಂತಿತ್ತು. ಬೀರು ಒಂದು ಕಡೆ ಹೋದರೆ ಮಂಚ ಇನ್ನೊಂದು ಕಡೆ ಹೋಗಬೇಕು, ಮಂಚ ಹೋದರೆ ಊಟದ ಮೇಜು ಹೋಗಬೇಕು. ಎಲ್ಲವನ್ನೂ ಎಳೆದಾಡಿ ಮುಗಿಸಿ, ಸೊಂಟದ ಮೇಲೆ ಕೈಯಿಟ್ಟು ನಿಂತು ಅಕ್ಕ ಒಂದು ಸುತ್ತು ನೋಡುವಳು. ಆಮೇಲೆ ನಿಟ್ಟುಸಿರು ಬಿಟ್ಟು, "ಊಹೂಂ, ಕೂಡ್ತಿಲ್ಲ ಕಣೋ" ಅನ್ನುವಳು. ಏನು ಕೂಡುತ್ತಿಲ್ಲ ಎಂದು ಅವಳಿಗೂ ಗೊತ್ತಿರಲಿಲ್ಲ. ಮದುವೆಯಾದಾಗಿನಿಂದ ಇದ್ದ ಹಳೆಯ ಬಾಡಿಗೆ ಮನೆಯಲ್ಲಿ ಕಣ್ಣುಮುಚ್ಚಿ ನಡೆದರೂ ಕೈಗೆ ಎಲ್ಲವೂ ಸಿಗುತ್ತಿತ್ತಂತೆ. ಗೋಡೆಯಾಚೆ ಮಾತಾಡುವುದಕ್ಕೆ ಜನ ಇದ್ದರಂತೆ. ಇಲ್ಲಿ ಲಿಫ್ಟಿನಲ್ಲಿ ಎದುರಾದವರೂ ಗುಂಡಿಗಳನ್ನೇ ನೋಡುತ್ತಾರೆ, ಮುಖ ನೋಡುವುದಿಲ್ಲ ಎನ್ನುವುದು ಅವಳ ದೂರು.

ಹಳೆಯ ಮನೆಯ ಯಜಮಾನರು ಒಳ್ಳೆಯವರು. "ಭಾನುವಾರದವರೆಗೆ ಯಾರಿಗೂ ತೋರಿಸೋದಿಲ್ಲಮ್ಮ, ಯೋಚನೆ ಮಾಡಿ ಹೇಳಿ" ಎಂದು ಬಿಟ್ಟಿದ್ದರು. ಇಷ್ಟು ಒಳ್ಳೆಯತನ ಮನುಷ್ಯನಿಗೆ ಇರಬಾರದು. ಅಕ್ಕ ಅಂದೇ ತೀರ್ಪು ಕೊಟ್ಟಳು. "ಭಾನುವಾರದೊಳಗೆ ಇಲ್ಲಿ ಮನಸ್ಸು ನಿಲ್ಲದಿದ್ರೆ ನಾನು ವಾಪಸ್ ಹೋಗ್ತೀನಿ. ನೀವು ಬರೋದಾದ್ರೆ ಬನ್ನಿ, ಇಲ್ದಿದ್ರೆ ಇಲ್ಲೇ ಇರಿ."

ಇದನ್ನು ಹೇಳಿದ್ದು ಭಾವನಿಗೆ. ಭಾವ ಪಾಪ, ಸ್ವಂತದ್ದೊಂದು ಗೂಡು ಬೇಕು ಎಂದು ವರ್ಷಗಟ್ಟಲೆ ಕನಸು ಕಂಡು ಈ ಫ್ಲ್ಯಾಟು ಹಿಡಿದವರು. ಹೆಂಡತಿಯನ್ನು ಬಿಟ್ಟು ಒಂದು ಲೋಟ ನೀರು ಕುಡಿಯಲೂ ತಿಳಿಯದ ಮನುಷ್ಯ. ಮೊದಲನೇ ದಿನ ಸಾಯಂಕಾಲ ಮನೆಗೆ ಬಂದು ತಿಳಿಯದೆ, "ಟೀವಿ ಎಲ್ಲಿ ಹೋಯ್ತು?" ಎಂದು ಕೇಳಿದ್ದೇ ತಪ್ಪಾಯಿತು. ಅಕ್ಕ ಅತ್ತುಬಿಟ್ಟಳು. ಅಂದಿನಿಂದ ಭಾವ ಒಂದು ವ್ರತ ಹಿಡಿದರು. ಮನೆಯೊಳಗೆ ಏನು ಕಂಡರೂ ಕೇಳಬಾರದು, ಏನು ಕಾಣದಿದ್ದರೂ ಕೇಳಬಾರದು, ಬಾಗಿಲಲ್ಲೇ ನಿಂತು "ಚೆನ್ನಾಗಿದೆ" ಅನ್ನಬೇಕು. ಬುಧವಾರ ಬೀರು ಹಣೆಗೆ ಬಡಿದಾಗಲೂ "ಚೆನ್ನಾಗಿದೆ" ಅಂದರು.

ಭಾವನ ಇನ್ನೊಂದು ವಿಷಯವನ್ನೂ ಹೇಳಬೇಕು. ಅವರು ಬಸ್ ಡಿಪೋದಲ್ಲಿ ಕಳೆದುಹೋದ ಸಾಮಾನುಗಳ ವಿಭಾಗ ನೋಡಿಕೊಳ್ಳುತ್ತಾರೆ. ಬಸ್ಸಿನಲ್ಲಿ ಜನ ಮರೆತು ಹೋದ ಕೊಡೆ, ಬುತ್ತಿ ಡಬ್ಬಿ, ಒಂಟಿ ಚಪ್ಪಲಿ ಇವನ್ನೆಲ್ಲ ಜೋಪಾನ ಮಾಡಿ ಹುಡುಕಿಕೊಂಡು ಬಂದವರಿಗೆ ಒಪ್ಪಿಸುವ ಕೆಲಸ. "ಒಂದು ಸಲ ನನ್ನ ಕಣ್ಣಿಗೆ ಬಿದ್ದದ್ದು ಮರೆಯೋ ಮಾತೇ ಇಲ್ಲ" ಎನ್ನುವುದು ಅವರ ಹೆಮ್ಮೆ. ಕೊಡೆಗಳ ಮಟ್ಟಿಗೆ ಇದು ಅಕ್ಷರಶಃ ನಿಜ. ಮನುಷ್ಯರ ವಿಷಯದಲ್ಲಿ ಇದಕ್ಕೆ ತದ್ವಿರುದ್ಧ. ಮದುವೆಯೊಂದರಲ್ಲಿ ನಮ್ಮ ಸ್ವಂತ ಸೋದರಮಾವನನ್ನು ತಡೆದು, "ತಾವು ಯಾವ ಕಡೆಯವರು?" ಎಂದು ಕೇಳಿ, ಮಾವ ಊಟ ಮಾಡದೆ ಎದ್ದು ಹೋಗಿ, ದೊಡ್ಡ ರಾದ್ಧಾಂತವಾಗಿತ್ತು. ಆಮೇಲಿಂದ ಭಾವ ನಮ್ಮ ಕಡೆಯ ಹಿರಿಯರು ಯಾರೇ ಎದುರಾಗಲಿ, ಗುರುತು ಸಿಕ್ಕಲಿ ಸಿಗದಿರಲಿ, ಜನ್ಮಾಂತರದ ಪರಿಚಯ ಇದ್ದವರ ಹಾಗೆ ಮಾತಾಡುತ್ತಾರೆ.

ಇಷ್ಟು ತಿಳಿದಿದ್ದರೆ ಸಾಕು. ಶುಕ್ರವಾರ ನಡೆದದ್ದನ್ನು ಹೇಳುತ್ತೇನೆ. ಅರ್ಧ ನಾನೇ ಕಂಡದ್ದು, ಅರ್ಧ ಆಮೇಲೆ ಅವರಿವರ ಬಾಯಿಂದ ಕೇಳಿದ್ದು.

ಅಂದು ಬೆಳಿಗ್ಗೆ ಅಕ್ಕ ಭಾವನಿಗೆ, "ಇವತ್ತು ಎಲ್ಲಾನೂ ಬುಡದಿಂದ ಬದಲಾಯಿಸಿಬಿಡ್ತೀನಿ. ಸಾಯಂಕಾಲ ಬಂದ್ರೆ ನಿಮಗೆ ಮನೆ ಗುರುತೇ ಸಿಗಬಾರ್ದು, ಹಾಗೆ" ಎಂದು ಹೇಳಿ ಕಳಿಸಿದ್ದಳು. ಹಳೇ ಸೋಫಾ ಕೊಟ್ಟು ಬೇರೆ ತರುವ ಮಾತೂ ಬಂದಿತ್ತು. ಭಾವ ದಿನವಿಡೀ ಡಿಪೋದಲ್ಲಿ ಇದನ್ನೇ ನೆನೆದು ತಳಮಳಿಸಿದರಂತೆ. ಇನ್ನುಳಿದದ್ದು ಶನಿವಾರ ಒಂದೇ.

ಫ್ಲ್ಯಾಟು ನಾಲ್ಕನೇ ಮಹಡಿಯಲ್ಲಿದೆ. ಸಾಯಂಕಾಲ ಭಾವ ಲಿಫ್ಟಿನಲ್ಲಿ ನಾಲ್ಕನ್ನೇ ಒತ್ತಿ, ತಲೆ ತಗ್ಗಿಸಿ, "ಚೆನ್ನಾಗಿದೆ" ಎನ್ನುವುದನ್ನು ಮನಸ್ಸಿನಲ್ಲೇ ಬೇರೆ ಬೇರೆ ರಾಗದಲ್ಲಿ ಅಭ್ಯಾಸ ಮಾಡುತ್ತಾ ನಿಂತರು. ಮೂರನೇ ಮಹಡಿಯಲ್ಲಿ ಯಾರೋ ಗುಂಡಿ ಒತ್ತಿ ಮರೆತು ಒಳಗೆ ಹೋಗಿದ್ದರು. ಲಿಫ್ಟು ನಿಂತಿತು, ಬಾಗಿಲು ತೆರೆಯಿತು, ಭಾವ ಹೊರಗೆ ಕಾಲಿಟ್ಟರು. ಎಲ್ಲ ಮಹಡಿಗೂ ಅದೇ ಗೋಡೆ, ಅದೇ ಬಣ್ಣ, ಅದೇ ಬಾಗಿಲು. ಕಟ್ಟಿದವನಿಗೆ ಬೇರೆ ಯೋಚನೆ ಬಂದಿರಲಿಲ್ಲ.

ಬಾಗಿಲು ತೆರೆದೇ ಇತ್ತು. ಒಳಗಿದ್ದ ಚಪ್ಪಲಿ ಗೂಡು ಹೊರಗೆ ಬಂದಿದೆ. ಕಂದು ಸೋಫಾ ಹೋಗಿ ಹಸಿರು ಸೋಫಾ ಬಂದಿದೆ. ಪರದೆ ಬೇರೆ, ಗಡಿಯಾರ ಬೇರೆ, ಬೀರುವಿನ ಸುಳಿವೇ ಇಲ್ಲ. ಮಾಡ್ತೀನಿ ಅಂದಿದ್ದಳು, ಮಾಡಿಯೇ ಬಿಟ್ಟಿದ್ದಾಳೆ. ಭಾವ ಹೊಸ್ತಿಲಲ್ಲೇ ನಿಂತು, ಅಭ್ಯಾಸ ಮಾಡಿದ ರಾಗಗಳಲ್ಲಿ ಅತ್ಯುತ್ತಮವಾದದ್ದನ್ನು ಆರಿಸಿ, "ಚೆನ್ನಾಗಿದೆ" ಅಂದರು.

"ಬನ್ನಿ ಬನ್ನಿ, ನಿಮ್ಮನ್ನೇ ಕಾಯ್ತಾ ಇದ್ದೆ" ಎಂದು ಆರಾಮ ಕುರ್ಚಿಯಿಂದ ಒಬ್ಬ ವಯಸ್ಸಾದವರು ಎದ್ದರು.

ಭಾವ ಆ ಮುಖದಲ್ಲಿ ಗುರುತು ಹುಡುಕಿದರು. ಯಾರು ಇವರು? ಅಕ್ಕನ ಕಡೆಯ ಹಿರಿಯರೇ ಇರಬೇಕು, ಇಷ್ಟು ಸಲಿಗೆಯಿಂದ ಕುರ್ಚಿ ಹಿಡಿದು ಕೂತಿದ್ದಾರೆ ಅಂದಮೇಲೆ. ಈಗ ಯಾಕೆ ಬಂದಿದ್ದಾರೆ? ಭಾನುವಾರ ಹತ್ತಿರ ಬಂದಾಗ?

ಆ ಹಿರಿಯರ ಕಥೆ ಬೇರೆ. ಸರ್ವೆ ಇಲಾಖೆಯಲ್ಲಿ ಜೀವಮಾನವೆಲ್ಲ ಜಮೀನು ಅಳೆದು ನಿವೃತ್ತರಾದವರು, ಹಾಗಾಗಿ ಕಟ್ಟಡದಲ್ಲಿ ಎಲ್ಲರೂ ಅವರನ್ನು ಅಳತೆ ತಾತ ಅನ್ನುತ್ತಾರೆ. ಒಂದು ಕಡೆ ಕೂತು ಗೊತ್ತಿಲ್ಲದ ಜೀವ. ಇರುವ ಮನೆ ಮಾರಿ ಇನ್ನೆಲ್ಲೋ ಹೋಗಬೇಕೆಂಬ ಹುಚ್ಚು ಹತ್ತಿತ್ತು. ಕೊಳ್ಳುವ ಗಂಡ ಹೆಂಡತಿ ಇಬ್ಬರು ಆ ಸಾಯಂಕಾಲ ನೋಡಲು ಬರುತ್ತಾರೆ ಎಂದು ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿಗಳು ಹೇಳಿ ಕಳಿಸಿದ್ದರು. ಲಿಫ್ಟಿನ ಗುಂಡಿ ಒತ್ತಿ ಮರೆತವರೂ ಇವರೇ.

"ಮನೆ ಗುರುತು ಸಿಗೋದು ಕಷ್ಟ ಆಗ್ಲಿಲ್ಲ ತಾನೇ?" ಅಂದರು ತಾತ.

"ನಮ್ಮನೆ ನಮಗೆ ಗುರುತು ಸಿಗದೆ ಇರುತ್ತಾ?" ಅಂದರು ಭಾವ.

ತಾತನಿಗೆ ಖುಷಿಯೋ ಖುಷಿ. ಒಳಗೆ ಕಾಲಿಡುವ ಮೊದಲೇ ನಮ್ಮನೆ ಎನ್ನುವ ಗಿರಾಕಿಯನ್ನು ಅವರು ಕಂಡಿರಲಿಲ್ಲ.

"ನೀವ್ಯಾಕೆ ಎದ್ರಿ, ಕೂತ್ಕೊಳ್ಳಿ" ಎಂದು ಭಾವ ತಾತನ ತೋಳು ಹಿಡಿದು ತಾತನ ಕುರ್ಚಿಯಲ್ಲೇ ಕೂರಿಸಿದರು. "ಸಂಕೋಚ ಮಾಡ್ಕೋಬೇಡಿ. ನಿಮ್ಮ ಮನೆ ಅಂತಲೇ ತಿಳ್ಕೊಳ್ಳಿ."

"ಸದ್ಯಕ್ಕೆ ನಮ್ದೇ ಅಲ್ವಾ" ಎಂದು ತಾತ ನಕ್ಕರು.

"ಸದ್ಯಕ್ಕೆ ಏನು ಬಂತು, ಯಾವತ್ತೂ ನಿಮ್ದೇ. ಎಷ್ಟು ದಿನ ಬೇಕಾದ್ರೂ ಇರಿ. ಯಾರು ಹೋಗು ಅಂತಾರೆ ನಿಮ್ಮನ್ನ?"

ತಾತನ ಕಣ್ಣು ಒದ್ದೆಯಾಯಿತಂತೆ. ಮನೆ ಕೊಂಡ ಮೇಲೂ ಮಾರಿದವರು ಇರಲಿ ಎನ್ನುವ ಪುಣ್ಯಾತ್ಮ.

"ಇವಳೆಲ್ಲಿ, ಕಾಣ್ತಾ ಇಲ್ಲ?" ಎಂದು ಭಾವ ತಮ್ಮ ಹೆಂಡತಿಯ ಬಗ್ಗೆ ಕೇಳಿದರು.

"ಅವರಿನ್ನೂ ಬಂದಿಲ್ಲ. ಹಿಂದೆ ಬರ್ತಾ ಇರ್ಬೇಕು ಅಂದ್ಕೊಂಡೆ."

"ಅಂಗಡಿಗೆ ಹೋಗಿರ್ತಾಳೆ" ಎಂದು ಭಾವ ಸಮಾಧಾನ ಮಾಡಿಕೊಂಡು ಬಚ್ಚಲುಮನೆಗೆ ನುಗ್ಗಿದರು. ನಲ್ಲಿ ಪೂರ್ತಿ ತಿರುಗಿಸಿ ಕೈಕಾಲು ಮುಖ ತೊಳೆದು, ಅಲ್ಲಿದ್ದ ಟವೆಲಿನಲ್ಲಿ ಒರೆಸಿಕೊಂಡು, ಅದನ್ನೇ ಹೆಗಲಿಗೆ ಹಾಕಿಕೊಂಡು ಹೊರಬಂದರು. ಅಲ್ಲಿಂದ ಮಲಗುವ ಕೋಣೆಗೆ ಹೋಗಿ ಮಂಚದ ಮೇಲೆ ಉದ್ದಕ್ಕೆ ಮಲಗಿ, ಎರಡು ಸಲ ಹೊರಳಿ, ಸೂರು ನೋಡಿ, "ಇದೂ ಚೆನ್ನಾಗಿದೆ" ಅಂದರು. ಬಾಗಿಲ ಸಂದಿಯಿಂದ ನೋಡುತ್ತಿದ್ದ ತಾತ ಅಡುಗೆಮನೆಗೆ ಓಡಿ ಹೆಂಡತಿಯ ಕಿವಿಯಲ್ಲಿ, "ನೀರಿನ ಒತ್ತಡ ನೋಡಿದ್ರು, ಗಾಳಿ ನೋಡಿದ್ರು. ಇಷ್ಟು ಕೂಲಂಕಷವಾಗಿ ಯಾರೂ ನೋಡಿರ್ಲಿಲ್ಲ ಕಣೇ. ಇವರು ಬಿಡಲ್ಲ" ಅಂದರು.

ಆ ಅಜ್ಜಿಯ ಮುಖ ಕಪ್ಪಿಟ್ಟಿತು. ಈ ಮನುಷ್ಯನ ಹಿಂದೆ ಊರೂರು ಸುತ್ತಿ, ಪೆಟ್ಟಿಗೆ ಕಟ್ಟಿ ಬಿಚ್ಚಿ, ಪುನಃ ಕಟ್ಟಿ ಅವರಿಗೆ ಸಾಕಾಗಿತ್ತು. ಇನ್ನು ಈ ಮನೆಯಿಂದ ತಮ್ಮನ್ನು ಹೊತ್ತೇ ಒಯ್ಯಬೇಕು ಎಂದು ನಿಶ್ಚಯ ಮಾಡಿದ್ದರು. ಗಂಡನ ಎದುರು ಜಗಳ ಆಡುವುದರಿಂದ ಫಲವಿಲ್ಲ ಎಂದು ಅನುಭವದಿಂದ ಗೊತ್ತಿದ್ದರಿಂದ, ನೋಡಲು ಬಂದವರನ್ನು ಒಬ್ಬೊಬ್ಬರನ್ನಾಗಿ ಅಡುಗೆಮನೆಗೆ ಕರೆದು, ಮನೆಯ ಕೊರತೆಗಳನ್ನು ಪಿಸುಮಾತಿನಲ್ಲಿ ಹೇಳಿ ಓಡಿಸುತ್ತಿದ್ದರು. ಹೀಗಾಗಿ ಭಾವ ತಾವಾಗಿಯೇ ಅಡುಗೆಮನೆಗೆ ಬಂದಾಗ ಅಜ್ಜಿ ಸಿದ್ಧವಾಗಿದ್ದರು.

ಭಾವ ಫ್ರಿಜ್ಜು ತೆರೆದು ನೀರಿನ ಬಾಟಲಿ ತೆಗೆದು ಗಟಗಟ ಕುಡಿದು, "ಬಂದವರ ಕೈಲಿ ಅಡುಗೆ ಮಾಡಿಸೋದಾ ಅವಳು? ಬಿಡಿ, ಬಿಡಿ, ನೀವು ಹೊರಗೆ ಕೂತ್ಕೊಳ್ಳಿ" ಅಂದರು.

ಅಜ್ಜಿಗೆ ಇದು ಅರ್ಥವಾಗಲಿಲ್ಲ. ಅರ್ಥಮಾಡಿಕೊಳ್ಳುವಷ್ಟು ಸಮಯವೂ ಇರಲಿಲ್ಲ. "ನೋಡಪ್ಪಾ, ನಿಮ್ಮ ಮುಖ ನೋಡಿದ್ರೆ ಸುಳ್ಳು ಹೇಳೋದಕ್ಕೆ ಮನಸ್ಸು ಬರಲ್ಲ. ಈ ಮನೇಲಿ ಹೆಣ್ಣು ಮಕ್ಕಳು ನೆಮ್ಮದಿಯಾಗಿ ಇರೋದಕ್ಕೆ ಆಗಲ್ಲ."

ಬಾಟಲಿ ಭಾವನ ಕೈಯಲ್ಲೇ ಉಳಿಯಿತು. ಅಂದರೆ ಅನುಮಾನ ನಿಜ. ಅಕ್ಕ ಹಿರಿಯರ ಹತ್ತಿರ ಹೇಳಿಕೊಂಡಿದ್ದಾಳೆ, ಅವರು ಅವಳನ್ನು ಕರೆದೊಯ್ಯಲು ಬಂದು ಕೂತಿದ್ದಾರೆ.

"ಹಾಗನ್ಬೇಡಿ ಅಮ್ಮಾ" ಎಂದು ಭಾವ ಕೈಮುಗಿದರು. "ಭಾನುವಾರದವರೆಗೆ ಸ್ವಲ್ಪ ತಾಳಿ. ಏನು ತೊಂದ್ರೆ ಅಂತ ಹೇಳಿ, ನಾನೇ ಸರಿಮಾಡ್ತೀನಿ."

"ಗೋಡೆಯೆಲ್ಲ ತೇವ."

"ಒಣಗಿಸ್ತೀನಿ."

"ಇರುವೆ ಕಾಟ."

"ಓಡಿಸ್ತೀನಿ."

"ಬೆಳಿಗ್ಗೆ ಹೊತ್ತು ಬಿಸಿಲೇ ಬರಲ್ಲ."

"ಬರೋ ಹಾಗೆ ಮಾಡ್ತೀನಿ" ಅಂದರು ಭಾವ. ಹೇಗೆ ಎಂದು ಯೋಚಿಸುವ ಸ್ಥಿತಿಯಲ್ಲಿ ಅವರಿರಲಿಲ್ಲ.

ಅಷ್ಟರಲ್ಲಿ ತಾತ ಬಾಗಿಲಲ್ಲಿ ಇಣುಕಿ, "ಹಾಗಾದ್ರೆ ಒಪ್ಪಿಗೆ ಅಂತ ತಿಳ್ಕೊಳ್ಳಲಾ?" ಅಂದರು.

"ಒಪ್ಪಿಗೆ ಕೇಳ್ಬೇಕಾ ಸಾರ್. ಸಾಯೋವರೆಗೂ ಇಲ್ಲೇ ಇರ್ಬೇಕು ಅಂತಲೇ ಬಂದವನು ನಾನು."

ತಾತ ಕುಣಿಯುವುದೊಂದು ಬಾಕಿ. ಅಜ್ಜಿ ಮಾತ್ರ ಹೆದರಿಹೋದರು. ಇಂಥ ಗಟ್ಟಿ ಗಿರಾಕಿ ಹಿಂದೆ ಬಂದಿರಲಿಲ್ಲ. ಕೊನೆಯ ಅಸ್ತ್ರವೊಂದು ಉಳಿದಿತ್ತು. "ಅದೆಲ್ಲ ಇರ್ಲಿ" ಎಂದು ಸೂರಿನ ಕಡೆ ಬೆರಳು ತೋರಿಸಿದರು. "ಮೇಲಿನ ಮನೆಯವರಿಗೆ ಏನು ಮಾಡ್ತೀರಿ?"

"ಅವರಿಗೇನಾಗಿದೆ?"

ಉತ್ತರ ಮೇಲಿನಿಂದಲೇ ಬಂತು. ಗರ್ರ್ರ್ ಎಂದು ಯಾರೋ ಕಬ್ಬಿಣದ ಗಾಡಿಯನ್ನು ಬಂಡೆಯ ಮೇಲೆ ಎಳೆದಂತೆ ಸದ್ದಾಯಿತು. ಗೂಟದಲ್ಲಿದ್ದ ಸೌಟುಗಳು ಅಲ್ಲಾಡಿದವು.

ಇಲ್ಲಿ ನನ್ನ ಪಾತ್ರ ಬರುತ್ತದೆ. ಆ ಹೊತ್ತಿಗೆ ನಾನೂ ಅಕ್ಕನೂ ಟೀ ಮುಗಿಸಿ ಬೀರುವಿಗೆ ಕೈ ಹಚ್ಚಿದ್ದೆವು.

"ನೋಡಿದ್ರಾ" ಅಂದರು ಅಜ್ಜಿ. "ಈ ವಾರ ಬಂದು ಸೇರಿದ್ದಾರೆ. ಮಧ್ಯಾಹ್ನ ಶುರು ಆದ್ರೆ ದೀಪ ಹಚ್ಚೋ ಹೊತ್ತಿನ ತನಕ. ಏನು ಎಳೀತಾರೋ, ಯಾಕೆ ಎಳೀತಾರೋ ಆ ದೇವರಿಗೇ ಗೊತ್ತು. ತಲೆ ಕೆಟ್ಟವರು ಇರ್ಬೇಕು."

ಭಾವನಿಗೆ ಒಮ್ಮೆಲೇ ಎಲ್ಲ ಬೆಳಕಾಯಿತಂತೆ. ಈ ಮಾತನ್ನು ಅವರೇ ಆಮೇಲೆ ನನಗೆ ಹೇಳಿದರು. ವಾರದಿಂದ ಹೆಂಡತಿ ಯಾಕೆ ಚಡಪಡಿಸುತ್ತಿದ್ದಾಳೆ, ಯಾಕೆ ಎಲ್ಲಿಯೂ ಮನಸ್ಸು ನಿಲ್ಲುತ್ತಿಲ್ಲ, ಯಾಕೆ ಹಿಡಿದದ್ದನ್ನೆಲ್ಲ ಅತ್ತಿಂದಿತ್ತ ಇಡುತ್ತಾಳೆ? ತಲೆಯ ಮೇಲೆ ಇಂಥ ಗಲಾಟೆ ನಡೆಯುತ್ತಿದ್ದರೆ ಯಾರಿಗೆ ತಾನೇ ತಲೆ ಸರಿ ಇರುತ್ತದೆ?

"ಇವರೇ" ಅಂದರು ಭಾವ, ಅಂಗಿಯ ತೋಳು ಮೇಲಕ್ಕೆ ಮಡಿಸುತ್ತಾ. "ಇವರಿಂದಲೇ ನನ್ನ ಹೆಂಡ್ತಿ ಇಲ್ಲಿ ಇರಲ್ಲ ಅಂತಿರೋದು. ಬನ್ನಿ ನನ್ನ ಜೊತೆ. ಇವತ್ತು ಒಂದು ತೀರ್ಮಾನ ಆಗಿಹೋಗ್ಲಿ."

ಕೊಳ್ಳುವ ಮೊದಲೇ ನೆರೆಯವರ ಜೊತೆ ಜಗಳ ತೀರಿಸುವ ಗಿರಾಕಿ. ತಾತ ಅಭಿಮಾನದಿಂದ ಹಿಂದೆ ಹೊರಟರು. ಏನಾಗುತ್ತದೋ ನೋಡೋಣವೆಂದು ಅಜ್ಜಿಯೂ ಹೊರಟರು. ಲಿಫ್ಟಿಗೆ ಕಾಯುವಷ್ಟು ತಾಳ್ಮೆ ಭಾವನಿಗಿರಲಿಲ್ಲ, ಮೆಟ್ಟಿಲು ಹತ್ತಿದರು.

ಬೀರು ಹಾಲಿನ ನಟ್ಟನಡುವೆ ಇತ್ತು, ನಾನು ಅದರ ಮತ್ತು ಗೋಡೆಯ ನಡುವೆ ಇದ್ದೆ. ಕರೆಗಂಟೆ ಒಂದೇ ಸಮನೆ ಬಡಿದುಕೊಂಡಿತು. "ನಿನ್ನ ಭಾವ ಬಂದ್ರು ಅಂತ ಕಾಣುತ್ತೆ" ಎಂದು ಅಕ್ಕ ಹೋಗಿ ಬಾಗಿಲು ತೆರೆದಳು.

ಭಾವನಿಗೆ ಸಿಟ್ಟು ಬರುವುದು ಅಪರೂಪ. ಬಂದಾಗ ಎದುರಿನವರ ಮುಖ ನೋಡಿದರೆ ಸಿಟ್ಟು ಇಳಿದುಹೋಗುತ್ತದೆ ಎಂದು ಕಣ್ಣು ಮುಚ್ಚಿಕೊಂಡು ಬಯ್ಯುತ್ತಾರೆ. ಹಾಗೆಯೇ ಬಿಗಿಯಾಗಿ ಕಣ್ಣು ಮುಚ್ಚಿ ಶುರುಮಾಡಿದರು.

"ಮನುಷ್ಯರೇನ್ರೀ ನೀವು? ಕೆಳಗೆ ಸಂಸಾರಸ್ಥರು ಇದ್ದಾರೆ ಅನ್ನೋ ಪರಿವೆ ಬೇಡ್ವಾ? ದಿನಬೆಳಗಾದ್ರೆ ಎಳೀತಿದ್ದೀರಲ್ಲ, ಏನದು? ಮನೇನೋ ಗುಜರಿ ಅಂಗಡಿನೋ? ನಿಮ್ಮ ಮನೇಲಿ ಬುದ್ಧಿ ಹೇಳೋರು ಯಾರೂ ಇಲ್ವಾ? ನಿಮ್ಮ ಗಂಡ ಅನ್ನಿಸ್ಕೊಂಡವರು ಏನು ಮಾಡ್ತಿದ್ದಾರೆ, ನಿದ್ದೆನಾ?"

"ಅವರು ಇಲ್ಲಿ ನಿಂತು ಕೂಗಾಡ್ತಿದ್ದಾರೆ" ಅಂದಳು ಅಕ್ಕ.

ಭಾವ ಕಣ್ಣು ಬಿಟ್ಟರು. ಅಕ್ಕನನ್ನು ನೋಡಿದರು. ಬೀರುವಿನ ಹಿಂದಿದ್ದ ನನ್ನ ತಲೆಯನ್ನು ನೋಡಿದರು. ಯಾವ ಬುದ್ಧಿವಂತನಿಗೂ ಅಷ್ಟು ಹೊತ್ತಿಗೆ ವಿಷಯ ತಿಳಿದಿರುತ್ತಿತ್ತು. ನಮ್ಮ ಭಾವ ತಮ್ಮ ತಪ್ಪನ್ನು ಅಷ್ಟು ಬೇಗ ಬಿಟ್ಟುಕೊಡುವವರಲ್ಲ.

"ನೀನು ಇಲ್ಲೇನ್ ಮಾಡ್ತಿದ್ದೀಯ?" ಅಂದರು. "ನಮ್ಮನೇದು ಜರುಗಿಸಿದ್ದು ಸಾಲ್ದು ಅಂತ ಇವರ ಮನೇದೂ ಜರುಗಿಸಿ ಕೊಡೋಕೆ ಬಂದ್ಯಾ? ತಮ್ಮನನ್ನೂ ಕರ್ಕೊಂಡು?"

"ಯಾರ ಮನೆ?"

"ಯಾರದೋ. ನಡಿ, ಮೊದ್ಲು ಕೆಳಗೆ ನಡಿ. ಹಿರಿಯರು ಬಂದು ಎಷ್ಟು ಹೊತ್ತಾಯ್ತು, ನೀನು ನೋಡಿದ್ರೆ ಇಲ್ಲಿದ್ದೀಯ."

ಅಕ್ಕ ಭಾವನ ಬೆನ್ನ ಹಿಂದೆ ಏದುಸಿರು ಬಿಡುತ್ತಾ ನಿಂತಿದ್ದ ತಾತನನ್ನೂ ಅಜ್ಜಿಯನ್ನೂ ನೋಡಿ, "ಇವರು ಯಾರು?" ಎಂದು ಕೇಳಿದಳು.

ಭಾವ ಅವಳ ಹತ್ತಿರ ಬಗ್ಗಿ ಹಲ್ಲು ಕಚ್ಚಿ, "ನಿಮ್ಮ ಕಡೆಯವರು ಕಣೇ" ಅಂದರು. "ಎದುರಿಗೇ ಯಾರು ಅಂತ ಕೇಳ್ತೀಯಲ್ಲ. ನನ್ನನ್ನ ಮಾತ್ರ ವರ್ಷಗಟ್ಟಲೆ ಹಂಗಿಸ್ತೀಯ."

ಇನ್ನು ನಾನು ಬಾಯಿ ಬಿಡದಿದ್ದರೆ ರಾತ್ರಿಯಾಗುತ್ತಿತ್ತು. ಬೀರುವಿನ ಹಿಂದಿನಿಂದಲೇ, "ಭಾವ, ಇದು ನಾಲ್ಕನೇ ಮಹಡಿ" ಅಂದೆ. ಭಾವ ಒಳಗೆ ಬಂದು ಸುತ್ತಲೂ ನೋಡಿದರು. ರಟ್ಟಿನ ಪೆಟ್ಟಿಗೆಗಳಡಿಯಲ್ಲಿ ತಮ್ಮ ಸ್ವಂತ ಕುರ್ಚಿಯ ಕಾಲು ಕಾಣಿಸಿತು. ಹೆಗಲ ಮೇಲಿನ ಟವೆಲನ್ನು ಮುಟ್ಟಿ ನೋಡಿಕೊಂಡರು. ನಿಧಾನವಾಗಿ ಅದನ್ನು ತೆಗೆದು, ಮಡಿಸಿ, ತಾತನ ಕೈಗೆ ಒಪ್ಪಿಸಿದರು. ಡಿಪೋದ ಅಭ್ಯಾಸ.

ಟವೆಲು ಹಿಡಿದ ತಾತ ಇನ್ನೂ ಕೈಬಿಟ್ಟಿರಲಿಲ್ಲ. "ಏನಾದ್ರೂ ಇರ್ಲಿ, ನಮ್ಮನೆ ಅಂತೂ ಒಪ್ಪಿದ್ದಾರೆ. ಸಾಯೋವರೆಗೂ ಅಲ್ಲೇ ಇರ್ತೀನಿ ಅಂದ್ರು" ಎಂದು ಅಕ್ಕನಿಗೆ ಹೇಳಿದರು.

"ಇದೇ ಸಾಕಾಗಿದೆ, ಅದರ ಮೇಲೆ ಇನ್ನೊಂದಾ?" ಅಂದಳು ಅಕ್ಕ. ಆದರೆ ಬಯ್ಯುವ ಹುರುಪು ಅವಳಲ್ಲಿರಲಿಲ್ಲ. ಅವಳು ಅಜ್ಜಿಯನ್ನೇ ನೋಡುತ್ತಿದ್ದಳು. "ನಾನು ಇಷ್ಟು ದಿನ ನಿಮ್ಮ ತಲೆ ಮೇಲೇ ಎಳೆದಾಡ್ತಿದ್ನಾ ಅಮ್ಮಾ? ಒಂದು ಮಾತು ಹೇಳ್ಬಾರ್ದಿತ್ತಾ?" ಕೈಗೆ ಹತ್ತಿದ ಧೂಳನ್ನು ಸೆರಗಿಗೆ ಒರೆಸಿಕೊಂಡಳು. "ಇನ್ನು ತೊಂದ್ರೆ ಇರಲ್ಲ ಬಿಡಿ. ಭಾನುವಾರ ನಾವು ಹೊರಟೇ ಹೋಗ್ತೀವಿ."

ಭಾವ ಗೋಡೆಗೆ ಒರಗಿದರು. ಅಕ್ಕ ಅದನ್ನು ಅಷ್ಟು ತಣ್ಣಗೆ ಹೇಳಿದ್ದು ಅದೇ ಮೊದಲು.

ಇದಕ್ಕೆ ಸರಿಯಾಗಿ ಕೆಳಗೆ ಲಿಫ್ಟಿನ ಬಾಗಿಲ ಸದ್ದು, ಕಾರ್ಯದರ್ಶಿಗಳ ದೊಡ್ಡ ಗಂಟಲು. "ಬನ್ನಿ ಸಾರ್, ಬನ್ನಿ ಮೇಡಂ, ಮನೆಯವರು ಕಾಯ್ತಿದ್ದಾರೆ." ನಿಜವಾದ ಗಿರಾಕಿಗಳು ಬಂದರು. ತಾತ ಟವೆಲು ಹೆಗಲಿಗೆ ಹಾಕಿಕೊಂಡು ದಡದಡ ಮೆಟ್ಟಿಲು ಇಳಿದರು.

ಅಜ್ಜಿ ಇಳಿಯಲಿಲ್ಲ. ಅಕ್ಕನ ಎರಡೂ ಕೈ ಹಿಡಿದುಕೊಂಡು, "ಹೋಗ್ಬೇಡಮ್ಮಾ" ಅಂದರು.

"ಸದ್ದು ಅಂತ ನೀವೇ..."

"ಸದ್ದು ಇರ್ಲಿ. ಆ ಸದ್ದಿನಿಂದಲೇ ನಾನು ಉಳ್ಕೊಂಡಿರೋದು." ಅಜ್ಜಿ ಗಡಿಬಿಡಿಯಲ್ಲಿ ಎಲ್ಲವನ್ನೂ ಹೇಳಿದರು, ಗಂಡನ ಅಲೆದಾಟ, ಕಟ್ಟಿ ಬಿಚ್ಚಿದ ಪೆಟ್ಟಿಗೆಗಳು, ತಾವು ನಿಶ್ಚಯ ಮಾಡಿದ್ದು. "ತೇವ ಅಂದ್ರೂ, ಇರುವೆ ಅಂದ್ರೂ ಈಗಿನವರು ಹೆದರಲ್ಲ. ನೀವು ಬಂದ ಮೇಲೆ ನೋಡಿ, ಒಬ್ಬರೂ ಹತ್ತು ನಿಮಿಷ ನಿಲ್ಲಲಿಲ್ಲ. ಇವತ್ತೊಂದು ದಿನ ಕೈಬಿಡ್ಬೇಡ ನನ್ನನ್ನ. ಏನಾದ್ರೂ ಎಳಿಯಮ್ಮ."

ಅಕ್ಕ ಅಜ್ಜಿಯ ಮುಖ ನೋಡಿದಳು. ಮನೆ ಬಿಟ್ಟು ಮನೆಗೆ ಹೋಗುವುದೆಂದರೆ ಏನು ಎನ್ನುವುದನ್ನು ಆ ವಾರ ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಕಟ್ಟಡದಲ್ಲಿರಲಿಲ್ಲ. ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು.

"ಏನೋ ನಿಂತು ನೋಡ್ತಿದ್ದೀಯ, ಹಿಡಿ ಬೀರುನ. ರೀ, ನೀವು ಮಂಚ."

ಆಮೇಲೆ ನಡೆದದ್ದನ್ನು ವರ್ಣಿಸುವುದು ಕಷ್ಟ. ಬೀರು ಹಾಲಿನ ಉದ್ದಕ್ಕೂ ಹೋಯಿತು, ಬಂತು, ಮತ್ತೆ ಹೋಯಿತು. ಭಾವ ಮಂಚವನ್ನು ಒಂಟಿಯಾಗಿ ಎಳೆದರು. ಅಂಥ ಶಕ್ತಿ ಅವರಲ್ಲಿದೆಯೆಂದು ಯಾರಿಗೂ ಗೊತ್ತಿರಲಿಲ್ಲ, ನನಗೆ ಮೊದಲೇ ಗೊತ್ತಿದ್ದರೆ ನನ್ನ ಸೊಂಟ ಉಳಿಯುತ್ತಿತ್ತು. ಅಕ್ಕ ಊಟದ ಮೇಜನ್ನು ಅಜ್ಜಿಯ ಸೂಚನೆಯ ಪ್ರಕಾರ ಎಳೆದಳು. "ಅಡುಗೆಮನೆ ಮೇಲೆ ಸ್ವಲ್ಪ ಕಮ್ಮಿ ಆಯ್ತು. ಈಗ ಮಲಗೋ ಕೋಣೆಗೆ ಬನ್ನಿ, ಅವರು ಅಲ್ಲಿಗೆ ಬಂದಿರ್ತಾರೆ" ಎಂದು ಅಜ್ಜಿ ಬಾಗಿಲಲ್ಲಿ ನಿಂತು ದಾರಿ ತೋರಿಸಿದರು. ಕೆಳಗೆ ಕಾರ್ಯದರ್ಶಿಗಳು, "ಮೇಲೆ ಹೊಸಬರು, ಇವತ್ತಿಗೆ ಮುಗಿಯುತ್ತೆ" ಅಂದರಂತೆ. ಅವರು ಮುಗಿಯುತ್ತೆ ಎನ್ನುವಾಗ ಭಾವನ ಮಂಚ ತಿರುಗಿತು. ಗಿರಾಕಿಗಳು ಲಿಫ್ಟಿಗೂ ಕಾಯದೆ ಮೆಟ್ಟಿಲಲ್ಲೇ ಇಳಿದರು.

ಸ್ವಲ್ಪ ಹೊತ್ತಿಗೆ ಕಾರ್ಯದರ್ಶಿಗಳು ಕೆಂಪಗಾಗಿ ಮೇಲೆ ಬಂದರು. ಅಜ್ಜಿ ಬಾಗಿಲ ಹಿಂದೆ ಸರಿದರು.

"ಸಂಘದ ನಿಯಮದ ಪ್ರಕಾರ ಹೊಸಬರಿಗೆ ಸಾಮಾನು ಹೊಂದಿಸಿಕೊಳ್ಳೋದಕ್ಕೆ ಒಂದು ಮಿತಿ ಇದೆ ಮೇಡಂ. ನಿಮ್ದು ಯಾವಾಗ ಮುಗಿಯುತ್ತೆ?"

"ಹೇಳೋದು ಕಷ್ಟ ಸಾರ್" ಅಂದಳು ಅಕ್ಕ, ಬೆವರು ಒರೆಸಿಕೊಳ್ಳುತ್ತಾ. "ನಾವು ಇಲ್ಲೇ ಇರೋರು. ನಿಧಾನವಾಗಿ ಮಾಡ್ಕೋತೀವಿ."

ಭಾವ ಕೂರಲು ಜಾಗ ಹುಡುಕಿದರು. ಎಲ್ಲೂ ಸಿಗದೆ ನೆಲದ ಮೇಲೇ ಕೂತುಬಿಟ್ಟರು.

ಶನಿವಾರ ಅಕ್ಕ ಹಳೇ ಮನೆಯವರಿಗೆ ಫೋನ್ ಮಾಡಿ, ಬೇರೆಯವರಿಗೆ ಕೊಟ್ಟುಬಿಡಿ ಅಂದಳು. "ಇಲ್ಲಿ ಕೆಳಗಿನ ಮನೆ ಅಮ್ಮ ನನ್ನನ್ನೇ ನಂಬ್ಕೊಂಡಿದ್ದಾರೆ" ಎಂದು ಕಾರಣವನ್ನೂ ಕೊಟ್ಟಳು. ಮುಂದಿನ ವಾರಗಳಲ್ಲಿ ಇನ್ನೂ ಕೆಲವರು ಮನೆ ನೋಡಲು ಬಂದರು. ಅಜ್ಜಿ ಪೊರಕೆ ಕೋಲಿನಿಂದ ತಮ್ಮ ಸೂರು ತಟ್ಟುವರು, ನಾವು ಬೀರುವಿಗೆ ಕೈ ಹಚ್ಚುವೆವು. ಕೊನೆಗೆ ತಾತನೇ ಸೋತು, "ಇಂಥವರು ತಲೆ ಮೇಲಿದ್ರೆ ಯಾರು ಕೊಳ್ತಾರೆ" ಎಂದು ಮಾರುವ ಆಸೆ ಬಿಟ್ಟರು. ಕೆಲಸವಿಲ್ಲದ ಕೈ ಸುಮ್ಮನಿರುತ್ತದೆಯೇ? ಅಳತೆಪಟ್ಟಿ ಹಿಡಿದು ನಾಲ್ಕನೇ ಮಹಡಿಗೆ ಬಂದು, ಬೀರು ಎಲ್ಲಿರಬೇಕು, ಮಂಚ ಎಲ್ಲಿರಬೇಕು ಎಂದು ಅಕ್ಕನಿಗೆ ಅಳೆದು ಹೇಳುವುದಕ್ಕೆ ಶುರುಮಾಡಿದರು.

ಒಂದು ಸಾಯಂಕಾಲ ತಾತ ಅಳತೆ ಮುಗಿಸಿ ದಣಿದು ಭಾವನ ಕುರ್ಚಿಯಲ್ಲಿ ಒರಗಿದ್ದರು. ಅಜ್ಜಿ ಅಡುಗೆಮನೆಯಲ್ಲಿ ಅಕ್ಕನ ಜೊತೆ ಏನೋ ಮಾತಾಡುತ್ತಾ ನಗುತ್ತಿದ್ದರು. ಭಾವ ಈಚೆಗೆ ಲಿಫ್ಟನ್ನು ನಂಬದೆ ಮೆಟ್ಟಿಲು ಹತ್ತಿಯೇ ಬರುವವರು. ಬಾಗಿಲಲ್ಲಿ ಕಾಣಿಸಿಕೊಂಡರು.

"ಬನ್ನಿ ಬನ್ನಿ" ಅಂದರು ತಾತ.

ಭಾವ ತಾತನನ್ನು ನೋಡಿದರು, ಅಡುಗೆಮನೆಯಿಂದ ಇಣುಕಿದ ಅಜ್ಜಿಯನ್ನು ನೋಡಿದರು. "ಕ್ಷಮಿಸಿ, ಮತ್ತೆ ತಪ್ಪಾಯ್ತು" ಎಂದು ಕೈಮುಗಿದು ಹಿಂದೆ ಸರಿದರು. ನಾನು ಕರೆಯುವಷ್ಟರಲ್ಲಿ ಅವರ ಹೆಜ್ಜೆ ಸದ್ದು ಮೆಟ್ಟಿಲಲ್ಲಿ ಮೇಲೇರುತ್ತಿತ್ತು. ಐದನೇ ಮಹಡಿಯಲ್ಲಿ ಯಾರದೋ ಕರೆಗಂಟೆ ಬಾರಿಸಿದ್ದು ಕೇಳಿಸಿತು.

ಅಕ್ಕ ಕೈ ಒರೆಸಿಕೊಂಡು ಹೊರಗೆ ಬಂದಳು. ಮೆಟ್ಟಿಲ ಕಟಕಟೆ ಹಿಡಿದು, ಇಡೀ ಕಟ್ಟಡಕ್ಕೆ ಕೇಳಿಸುವ ಹಾಗೆ ಮೇಲಕ್ಕೆ ಕೂಗಿದಳು.

"ರೀ, ಇಳಿದು ಬನ್ನಿ. ನಮ್ಮನೆ ಇದೇ."